ಬಣ್ಣ ಇರಲಿ, ಬಾವುಟ ಬೇಡ: ತುಂಡುಬಟ್ಟೆಯಲ್ಲಿ ಆಗಸ್ಟ್ 15ರ ಮನೆ ಅಲಂಕಾರ

ಆಗಸ್ಟ್ ಹತ್ತಿರ ಬಂದರೆ ಸಾಕು, ಮೂರು ಬಣ್ಣದ ದಿಂಬಿನ ಕವರು, ಮೇಜಿನ ಹಾಸು, ಕಾಲೊರಸು ಮಾಡುವ ವಿಡಿಯೊಗಳು ಮೊಬೈಲಿನಲ್ಲಿ ತುಂಬಿಕೊಳ್ಳುತ್ತವೆ. ನೋಡಲು ಚೆಂದ, ಮಾಡಲೂ ಸುಲಭ. ಆದರೆ ಅವುಗಳಲ್ಲಿ ಎಷ್ಟೋ ಕಾನೂನಿನ ಗೆರೆ ದಾಟಿರುತ್ತವೆ. ಕತ್ತರಿ ಹಿಡಿಯುವ ಮೊದಲೇ ಅದನ್ನು ಇತ್ಯರ್ಥ ಮಾಡಿಕೊಂಡರೆ ಮುಂದಿನ ಕೆಲಸ ಹಗುರ.

1971ರ ರಾಷ್ಟ್ರ ಗೌರವಕ್ಕೆ ಅವಮಾನ ತಡೆ ಕಾಯ್ದೆಯ ಪ್ರಕಾರ ದಿಂಬು, ಕರವಸ್ತ್ರ, ನ್ಯಾಪ್‌ಕಿನ್, ಉಡುಪಿನ ಬಟ್ಟೆ ಇವುಗಳ ಮೇಲೆ ರಾಷ್ಟ್ರಧ್ವಜವನ್ನು ಕಸೂತಿ ಹಾಕುವುದೂ ಮುದ್ರಿಸುವುದೂ ಅವಮಾನವೇ. ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತೀಯ ಧ್ವಜ ಸಂಹಿತೆ ಇನ್ನೂ ನೇರ: ಧ್ವಜವನ್ನು ತೋರಣವಾಗಿ, ಬಟ್ಟೆಹೂವಾಗಿ, ಪತಾಕೆಯ ಸಾಲಾಗಿ ಅಥವಾ ಬೇರಾವ ರೀತಿಯಲ್ಲೂ ಅಲಂಕಾರಕ್ಕೆ ಬಳಸಕೂಡದು. ಕಾಯ್ದೆಯ ಲೆಕ್ಕದಲ್ಲಿ ಧ್ವಜವೆಂದರೆ ಕಂಬಕ್ಕೇರುವ ಬಟ್ಟೆಯಷ್ಟೇ ಅಲ್ಲ. ಯಾವ ವಸ್ತುವಿನಲ್ಲಿ ಮಾಡಿದ್ದರೂ ಅದರ ಚಿತ್ರ, ಪ್ರತಿರೂಪ, ಅದರ ಒಂದು ಭಾಗ ಕೂಡ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ‘ಚಕ್ರ ಹಾಕದಿದ್ದರೆ ಆಯ್ತಲ್ಲ’ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಮೇಲೆ ಕೇಸರಿ ಪಟ್ಟಿ, ನಡುವೆ ಬಿಳಿ, ಕೆಳಗೆ ಹಸಿರು ಬಂದ ಕೂಡಲೇ ಕಣ್ಣಿಗೆ ಕಾಣುವುದು ಬಾವುಟ. ಅದರ ಮೇಲೆ ತಲೆಯಿಟ್ಟು ಮಲಗುವುದಾಗಲಿ, ಕಾಲು ಒರೆಸುವುದಾಗಲಿ ಬೇಡ.

ಬಣ್ಣಗಳಿಗೆ ಯಾರ ಅಡ್ಡಿಯೂ ಇಲ್ಲ. ಮಾವಿನೆಲೆ, ಚೆಂಡುಹೂವು, ಮಲ್ಲಿಗೆ: ನಮ್ಮ ಬಾಗಿಲಿಗೆ ಮೊದಲಿನಿಂದಲೂ ಬರುವ ಈ ಮೂರರಲ್ಲೇ ಹಸಿರು, ಕೇಸರಿ, ಬಿಳಿ ಇವೆ. ಪಟ್ಟಿ ಬಿಟ್ಟು ಎಲೆ-ಹೂವಿನ ಆಕಾರಕ್ಕೆ ಹೋದರೆ ಬಣ್ಣ ಉಳಿಯುತ್ತದೆ, ಬಾವುಟದ ನಕಲು ಆಗುವುದಿಲ್ಲ. ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ: ಮೂರು ಬಣ್ಣವನ್ನು ಅಡ್ಡಪಟ್ಟಿಯಾಗಿ ಒಂದರ ಕೆಳಗೊಂದು ಜೋಡಿಸಬಾರದು, ಕಡ್ಡಿಗಳಿರುವ ನೀಲಿ ಚಕ್ರ ಎಲ್ಲೂ ಬರಬಾರದು, ನಾಲ್ಕನೆಯ ಐದನೆಯ ಬಣ್ಣ ಧಾರಾಳವಾಗಿ ಇರಬೇಕು. ಕಾವಿ, ಸಾಸಿವೆ ಹಳದಿ, ಇಳಕಲ್ ಸೀರೆಯ ಅಂಚಿನ ಕೆಂಪು, ಕಡುನೀಲಿ ಯಾವುದಾದರೂ ನಡೆಯುತ್ತದೆ.

ಮನೆ ಮೇಲೆ ನಿಜವಾದ ಧ್ವಜವೇ ಬೇಕೆಂದರೆ ಅದನ್ನು ಬೇರೆಯಾಗಿಯೇ ತನ್ನಿ. ಉದ್ದ-ಎತ್ತರ 3:2, ಚಕ್ರಕ್ಕೆ 24 ಕಡ್ಡಿ. ಮಾಸಿದ, ಹರಿದ ಧ್ವಜ ಹಾರಿಸುವಂತಿಲ್ಲವಾದ್ದರಿಂದ ಹಳೆ ಬಟ್ಟೆ ಜೋಡಿಸಿ ಹೊಲಿಯುವ ಯೋಚನೆಯೇ ಬೇಡ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಹೆಣ್ಣುಮಕ್ಕಳು ಅಳತೆ ತಪ್ಪದಂತೆ ಹೊಲಿಯುವ ಧ್ವಜ ಇದೆ. 2021ರ ಡಿಸೆಂಬರಿನ ತಿದ್ದುಪಡಿಯ ಬಳಿಕ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಇದೆ.

ಇನ್ನು ಬಟ್ಟೆ ಆರಿಸುವ ಕೆಲಸ

ಬಿಳಿಗೆ ಹಳೆ ಪಂಚೆ, ಹಸಿರು-ಕೇಸರಿಗೆ ಯಾರ್‍ಯಾರೋ ಕೊಟ್ಟು ಬೀರುವಿನಲ್ಲಿ ಉಳಿದಿರುವ ಬ್ಲೌಸ್ ಪೀಸು, ಗಟ್ಟಿ ಅಂಚಿಗೆ ಸೀರೆಯ ಬಾರ್ಡರು, ಒಳಪದರಕ್ಕೆ ಮೆತ್ತಗಾದ ಹತ್ತಿ ಸೀರೆ. ಹಳೆ ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ ನೋಡಿ. ಸದ್ದಿಲ್ಲದೆ ಹಿಸಿದುಹೋದರೆ ಅದರ ನೂಲು ಸತ್ತಿದೆ. ಅದು ಒಳಗೆ ತುಂಬಲು ಮಾತ್ರ. ಪಂಚೆ ತುಸು ಹಳದಿಗಟ್ಟಿದ್ದರೆ ಹಾಗೇ ಇರಲಿ. ಬ್ಲೀಚ್ ಹಾಕಿದರೆ ಮೊದಲೇ ಸೋತ ನೂಲು ಇನ್ನಷ್ಟು ಸೋಲುತ್ತದೆ. ಅದಲ್ಲದೆ ಹಾಲುಗೆನೆಯ ಆ ಬಣ್ಣವೇ ಕೇಸರಿಯ ಪಕ್ಕದಲ್ಲಿ ಹೆಚ್ಚು ಒಪ್ಪುತ್ತದೆ.

ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇದು ಮುಖ್ಯ ಯಾಕೆಂದರೆ ಹತ್ತಿ ಚೆನ್ನಾಗಿ ಮಡಿಕೆ ಹಿಡಿಯುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಮಡಿಕೆ ನಿಲ್ಲಿಸುವುದಿಲ್ಲ, ಅಂಚನ್ನು ಮೇಣದ ಬತ್ತಿಯ ಉರಿಯ ಪಕ್ಕ ಹಿಡಿದು ಕರಗಿಸಿ ಮುಚ್ಚಬಹುದು.

ಬಣ್ಣ ಬಿಡುವ ಸಂಗತಿ ಎಲ್ಲಕ್ಕಿಂತ ಕಾಟದ್ದು. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಕೇಸರಿಯ ಮೇಲೆ ಇಟ್ಟು, ಬಿಸಿ ಇಸ್ತ್ರಿಯನ್ನು ಹತ್ತು ಸೆಕೆಂಡು ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಕೇಸರಿಯನ್ನು ತೊಳೆಯುವ ವಸ್ತುವಿನಲ್ಲಿ ಬಿಳಿಯ ಪಕ್ಕ ಕೂರಿಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿದ್ದಾರೆ. ಉಪ್ಪಿಗೆ ಕೆಲಸವಿರುವುದು ಬಣ್ಣ ಹಾಕುವ ಹಂಡೆಯಲ್ಲಿ, ಅಲ್ಲಿ ಅದು ಬಣ್ಣವನ್ನು ನೂಲಿನೊಳಕ್ಕೆ ಸೇರಿಸಲು ನೆರವಾಗುತ್ತದೆ. ಅಂಗಡಿಯಿಂದ ಬಂದ ಬಟ್ಟೆಯಲ್ಲಿ ಅಂಟದೆ ಉಳಿದ ಹೆಚ್ಚುವರಿ ಬಣ್ಣ ಹೋಗುವವರೆಗೆ, ತೊಳೆದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯುವುದೊಂದೇ ದಾರಿ. ಅದರಿಂದ ಬಟ್ಟೆ ಮೊದಲೇ ಕುಗ್ಗಿಬಿಡುತ್ತದೆ, ಅದೂ ಲಾಭವೇ.

ಬಾಗಿಲ ತೋರಣ

90 ಸೆಂ.ಮೀ. ಅಗಲದ ಬಾಗಿಲಿಗೆ ಲೆಕ್ಕ ಹೀಗೆ: 11 ಎಲೆ, 10 ಹೂವು, ಒಂದು ಮೇಲ್ಪಟ್ಟಿ.

ಎಲೆಗೆ ರಟ್ಟಿನಲ್ಲಿ 8 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದದ ಮಾವಿನೆಲೆ ಆಕಾರ ಕತ್ತರಿಸಿಕೊಳ್ಳಿ. ತೊಟ್ಟಿನ ಕಡೆ ಮೊನೆ ಬೇಡ, 4 ಸೆಂ.ಮೀ. ಅಗಲಕ್ಕೆ ನೇರ ಕತ್ತರಿಸಿರಲಿ. ಎಲೆಗೆ ಎರಡು ತುಂಡಿನಂತೆ 22 ತುಂಡು. 90 ಸೆಂ.ಮೀ. ಅಗಲದ ಬ್ಲೌಸ್ ಪೀಸಿನಲ್ಲಿ ಸಾಲಿಗೆ 11ರಂತೆ ಎರಡು ಸಾಲು ಬರುತ್ತವೆ, ಅಂದರೆ 32 ಸೆಂ.ಮೀ. ಬಟ್ಟೆ ಸಾಕು. ಮುಂಭಾಗ ಕಡುಹಸಿರು, ಹಿಂಭಾಗ ಎಳೆಹಸಿರು ಹಾಕಿದರೆ ಗಾಳಿಗೆ ಹೊರಳಿದಾಗ ನಿಜವಾದ ಎಲೆಯಂತೆ ಕಾಣುತ್ತದೆ; ಅದಕ್ಕೆ ಎರಡೂ ಹಸಿರಿನಲ್ಲಿ 16 ಸೆಂ.ಮೀ.ನಂತೆ ಕತ್ತರಿಸಿಕೊಳ್ಳಿ.

ಎಲೆ ಗಟ್ಟಿಯಾಗಿ ನಿಲ್ಲಲು ಒಳಪದರ ಬೇಕು; ಅದಕ್ಕೆ ಬಕ್ರಮ್ ಎಂಬ ಗಡುಸು ಬಟ್ಟೆ ಕೊಳ್ಳುವ ಅಗತ್ಯವಿಲ್ಲ. ಮದುವೆ ಮನೆಯಿಂದ ತಾಂಬೂಲ ತುಂಬಿ ಬರುವ ನಾನ್-ವೋವನ್ ಚೀಲಗಳು ಯಾವ ಮನೆಯಲ್ಲಿ ಇಲ್ಲ? ಅವನ್ನು ಬಿಚ್ಚಿ ಎಲೆಯ ಆಕಾರಕ್ಕೆ, ಸುತ್ತ ಅರ್ಧ ಸೆಂ.ಮೀ. ಕಿರಿದಾಗಿ ಕತ್ತರಿಸಿ. ಎಚ್ಚರಿಕೆ ಒಂದೇ: ಅದು ಪಾಲಿಪ್ರೊಪಿಲೀನ್, ನೇರ ಇಸ್ತ್ರಿ ತಗುಲಿದರೆ ಕರಗಿ ಇಸ್ತ್ರಿಗೇ ಅಂಟುತ್ತದೆ. ಮೇಲೆ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಒತ್ತಿ.

ಎರಡೂ ತುಂಡಿನ ಒಳಮೈ ಹೊರಗೆ ಬರುವಂತೆ ಇಟ್ಟು ಅರ್ಧ ಸೆಂ.ಮೀ. ಒಳಗೆ ಹೊಲಿಯಿರಿ, ತೊಟ್ಟಿನ ಬಾಯಿ ತೆರೆದಿರಲಿ. ಮೊನೆಯಲ್ಲಿ ಹೆಚ್ಚಿನವರು ಸೂಜಿ ನಿಲ್ಲಿಸಿ ಬಟ್ಟೆಯನ್ನು ನೇರ ತಿರುಗಿಸುತ್ತಾರೆ. ಆಗ ತಿರುವಿ ಹಾಕಿದ ಎಲೆಯ ತುದಿ ಗಂಟುಗಟ್ಟಿ ಗುಂಡಗಾಗುತ್ತದೆ, ಒಳಗಿನ ಹೆಚ್ಚುವರಿ ಬಟ್ಟೆಗೆ ಜಾಗವಿಲ್ಲ. ಮೊನೆಯಲ್ಲಿ ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ ಆಮೇಲೆ ತಿರುಗಿ. ತುದಿಯ ಬಟ್ಟೆಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ, ಬಾಗಿದ ಬದಿಗಳಲ್ಲಿ ಒಂದೊಂದು ಸೆಂ.ಮೀ.ಗೆ ಕಚ್ಚು ಕೊಡಿ. ತಿರುವಲು ಪೆನ್ಸಿಲಿನ ಹಿಂಬದಿ ಸಾಕು. ಕತ್ತರಿಯ ಮೊನೆ ತುರುಕಿದರೆ ಹೊಲಿಗೆ ಹರಿದು ತೂತಾಗುತ್ತದೆ. ತಿರುವಿದ ಮೇಲೆ ಒಳಪದರ ಸೇರಿಸಿ, ನಡುವೆ ಉದ್ದಕ್ಕೂ ಎರಡೆಳೆಯ ರನ್ನಿಂಗ್ ಹೊಲಿಗೆ (ಸೂಜಿ ಮೇಲೆ-ಕೆಳಗೆ ಹೋಗುವ ಸಾದಾ ಹೊಲಿಗೆ) ಹಾಕಿ. ಎಲೆಗೆ ನಾಳವೂ ಆಯಿತು, ಒಳಪದರ ಜಾರದಂತೆ ಹಿಡಿತವೂ ಆಯಿತು.

ಚೆಂಡುಹೂವಿಗೆ 5 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದದ ಪಟ್ಟಿ. ಅಷ್ಟುದ್ದ ಸಿಗದಿದ್ದರೆ ಮೂರು ಚಿಕ್ಕ ಪಟ್ಟಿಗಳನ್ನು ಒಂದು ಸೆಂ.ಮೀ. ಒಂದರ ಮೇಲೊಂದು ಇಟ್ಟರೆ ಸಾಕು, ಮುಂದೆ ಬರುವ ಹೊಲಿಗೆಯೇ ಅವನ್ನು ಸೇರಿಸುತ್ತದೆ. ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ, ತೆರೆದ ಅಂಚಿನಿಂದ ಅರ್ಧ ಸೆಂ.ಮೀ. ಮೇಲೆ ಜೋಡಿ ದಾರದಲ್ಲಿ ರನ್ನಿಂಗ್ ಹೊಲಿಗೆ ಹಾಕಿ, 25 ಸೆಂ.ಮೀ.ಗೆ ಬರುವಂತೆ ಜಗ್ಗಿ. ಒಂಟಿ ದಾರ ಹಾಕಿದರೆ ಜಗ್ಗುವಾಗ ಪಟ್ಟೆಂದು ಹರಿಯುತ್ತದೆ, ಆ ಕ್ಷಣದಲ್ಲಿ ಬರುವ ಸಿಟ್ಟು ಹೊಲಿಯುವವರಿಗೇ ಗೊತ್ತು. ನೆರಿಗೆ ಒಂದೇ ಸಮ ಇರಬೇಕಿಲ್ಲ: ಸುತ್ತಲು ಶುರುಮಾಡುವ ತುದಿಯಲ್ಲಿ ದಟ್ಟ, ಹೊರತುದಿಯಲ್ಲಿ ಸಡಿಲ. ಬುಡ ಒಂದೇ ಮಟ್ಟದಲ್ಲಿರುವಂತೆ ಸುತ್ತುತ್ತ ಪ್ರತಿ ಸುತ್ತಿಗೂ ಬುಡದಲ್ಲಿ ಎರಡು ಹೊಲಿಗೆ ಹಾಕಿ. ಸುಮಾರು 5 ಸೆಂ.ಮೀ. ಹೂವು ಆಗುತ್ತದೆ. ತೆಳು ವಾಯಿಲ್ ಬಟ್ಟೆ ಇದಕ್ಕೆ ಉತ್ತಮ. ದಪ್ಪ ಪಾಪ್ಲಿನ್ ಸುತ್ತಿದರೆ ಬುಡ ಬೆರಳ ಗಾತ್ರವಾಗಿ ಸೂಜಿ ಇಳಿಯುವುದಿಲ್ಲ. ಐದು ಹೂವು ಕೇಸರಿ ಇರಲಿ, ಐದು ಬಿಳಿ.

ಮೇಲ್ಪಟ್ಟಿಯಲ್ಲಿ ಎಡವುವ ಜಾಗ ಒಂದಿದೆ, ನೋಡಿ ಹೆಜ್ಜೆ ಇಡಿ. ಬಿಳಿ ಪಟ್ಟಿಯ ಮೇಲೆ ಕೇಸರಿ ಹೂವು ಸಾಲಾಗಿ ಕೂರಿಸಿ, ಕೆಳಗೆ ಹಸಿರು ಎಲೆ ಇಳಿಬಿಟ್ಟರೆ ಬೀದಿಯಿಂದ ನೋಡುವವರಿಗೆ ಅದು ಮತ್ತೆ ಬಾವುಟದ ಸಾಲೇ. ಆದ್ದರಿಂದ ಪಟ್ಟಿಗೆ ಸೀರೆಯ ಕೆಂಪು ಬಾರ್ಡರೋ ಖಣದ ತುಂಡೋ ಹಾಕಿ, ಹೂವುಗಳನ್ನು ಎಲೆಗಳ ನಡುವೆ 6 ಸೆಂ.ಮೀ. ದಾರದಲ್ಲಿ ತೂಗುಬಿಡಿ. ಪಟ್ಟಿ 94 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಎರಡೂ ಉದ್ದಂಚನ್ನು ಒಂದು ಸೆಂ.ಮೀ. ಒಳಗೆ ಮಡಚಿ, ಅರ್ಧಕ್ಕೆ ಮಡಿಸಿದರೆ 4 ಸೆಂ.ಮೀ. ಉಳಿಯುತ್ತದೆ. ಎಲೆಯ ತೊಟ್ಟು, ಹೂವಿನ ದಾರ ಎಲ್ಲವನ್ನೂ ಆ ಮಡಿಕೆಯೊಳಗೆ ಒಂದೂವರೆ ಸೆಂ.ಮೀ. ಸೇರಿಸಿ ಗುಂಡುಪಿನ್ನು ಚುಚ್ಚಿ. ಮೊದಲು ನಡುವಿನ ಎಲೆ, ಆಮೇಲೆ ಎರಡು ತುದಿಯವು, ಉಳಿದವು ಕೊನೆಗೆ. ಒಂದು ಬದಿಯಿಂದ ಶುರುಮಾಡಿದರೆ ಕೊನೆಯ ಎಲೆಗೆ ಜಾಗ ಹೆಚ್ಚೋ ಕಡಿಮೆಯೋ ಆಗಿಯೇ ತೀರುತ್ತದೆ. ಹೊಲಿದ ಮೇಲೆ ಪಾರ್ಸೆಲ್ ಪೆಟ್ಟಿಗೆಗೆ ಬಿಗಿದು ಬರುವ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲ್ಮಡಿಕೆಯೊಳಗೆ ತೂರಿಸಿ. ಇದಿಲ್ಲದಿದ್ದರೆ ಹೂವಿನ ಭಾರಕ್ಕೆ ತೋರಣ ನಡುವೆ ಜೋಲುತ್ತದೆ.

ಇದೇ ಅಳತೆಯಲ್ಲಿ ಹಳದಿ ಎಲೆ, ಕೆಂಪು ಹೂವು ಮಾಡಿಟ್ಟರೆ ನವೆಂಬರ್ 1ಕ್ಕೆ ರಾಜ್ಯೋತ್ಸವದ ತೋರಣ ಸಿದ್ಧ.

ಬಳೆ ಮತ್ತು ಬಾಟಲಿ

ಬಳೆಯ ತೂಗುಗೊಂಚಲಿಗೆ ಪ್ಲಾಸ್ಟಿಕ್ ಅಥವಾ ಲೋಹದ ಬಳೆ ಒಂಬತ್ತು, ಎಲ್ಲ ಒಂದೇ ಅಳತೆಯವು. ಗಾಜಿನ ಬಳೆ ಬೇಡ. ಬಟ್ಟೆಯೊಳಗೆ ಒಡೆದರೆ ಗೊತ್ತೇ ಆಗುವುದಿಲ್ಲ, ಚೂರು ಮಾತ್ರ ಹೊರಬರುತ್ತದೆ. ‘ಎರಡು ಆರು’ ಅಳತೆಯ, ಅರ್ಧ ಸೆಂ.ಮೀ. ದಪ್ಪದ ಬಳೆಗೆ ಒಂದೂವರೆ ಸೆಂ.ಮೀ. ಅಗಲದ ಪಟ್ಟಿ ಸುಮಾರು 50 ಸೆಂ.ಮೀ. ಬೇಕು. ಪಟ್ಟಿಯನ್ನು ಓರೆಗೆ, ಟೈಲರುಗಳು ಕ್ರಾಸ್ ಕತ್ತರಿಸುವ ಹಾಗೆ ಕತ್ತರಿಸಿ. ಆಗ ಅದು ಹಿಗ್ಗಿ ತಿರುವಿಗೆ ಸುಕ್ಕಿಲ್ಲದೆ ಕೂರುತ್ತದೆ, ಅಂಚಿನ ಎಳೆಯೂ ಬಿಚ್ಚುವುದಿಲ್ಲ. ನೇರ ಪಟ್ಟಿ ಸುತ್ತಿದರೆ ಒಳಬದಿಯಲ್ಲಿ ಮಡಿಕೆ, ಹೊರಬದಿಯಲ್ಲಿ ಸಂದು. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಲಿ. ಆರಂಭಕ್ಕೆ ಒಂದು ಹನಿ ಅಂಟು, ಕೊನೆಗೆ ಮಾತ್ರ ಸೂಜಿ-ದಾರ.

ಬಳೆಗೆ ಬಳೆ ಸೇರಿಸುವಾಗ ಒಂದೇ ಕಡೆ ಕಟ್ಟಿದರೆ ಗೊಂಚಲು ತಿರುಚಿಕೊಂಡು ಅಡ್ಡಡ್ಡ ನಿಲ್ಲುತ್ತದೆ. ತಾಗುವಲ್ಲಿ ಒಂದು ಸೆಂ.ಮೀ. ಅಂತರದಲ್ಲಿ ಎರಡು ಕಟ್ಟು ಹಾಕಿ. ತೂಗುಹಾಕಲು ಮುರಿದ ಕೊಡೆಯ ಕಡ್ಡಿ ಹೇಳಿ ಮಾಡಿಸಿದಂತಿದೆ, ತುದಿಗೆ ದಾರ ಕಟ್ಟಲು ತೂತೂ ಇರುತ್ತದೆ. ಬಳೆಯೊಳಗೆ ನೀಲಿ ದಾರ ಬಿಗಿದು ಚಕ್ರ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲಿ ಗೆಜ್ಜೆಯೊಂದನ್ನು ಕಟ್ಟಿ.

ಗಾಜಿನ ಬಾಟಲಿಯ ದೀಪಕ್ಕೆ ಲೇಬಲ್ ತೆಗೆಯುವುದೇ ಅರ್ಧ ಕೆಲಸ. ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟು ಕಾಗದ ಕೆರೆದು, ಉಳಿದ ಜಿಗುಟಿಗೆ ಅಡುಗೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಕೊನೆಗೆ ಸೋಪು. ಎಣ್ಣೆಯ ಪಸೆ ಉಳಿದರೆ ಅಂಟು ಹಿಡಿಯುವುದಿಲ್ಲ. 7 ಸೆಂ.ಮೀ. ವ್ಯಾಸದ ಬಾಟಲಿಯ ಸುತ್ತಳತೆ 22 ಸೆಂ.ಮೀ.; ಬಟ್ಟೆಯನ್ನು 24 ಸೆಂ.ಮೀ.ಗೆ ಕತ್ತರಿಸಿ. ತೆಳು ಪಂಚೆಯ ಬಿಳಿ ಪದರ ಮೊದಲು, ಅದರ ಮೇಲೆ ಅಲ್ಲಲ್ಲಿ ಹಸಿರು, ಕೇಸರಿ, ಸಾಸಿವೆ ಬಣ್ಣದ ಎಲೆ ಚೂರುಗಳು. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಕಲಸಿ, ಗಾಜಿಗೆ ಬಳಿದು ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಮಳೆಗಾಲದಲ್ಲಿ ಒಣಗಲು ಪೂರ್ತಿ ಒಂದು ದಿನ ಬಿಡಿ. ಈ ಬಿಳಿ ಅಂಟು ಒದ್ದೆಯಾದರೆ ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ಬಾಟಲಿ ಒಳಗಿರಲಿ, ಎರಚಲು ಬಡಿಯುವ ಜಗುಲಿಗೆ ಬೇಡ. ಬಿಸಿ ಗ್ಲೂ ಗನ್ ನುಣುಪು ಗಾಜಿನಿಂದ ತಣ್ಣಗಾದ ಮೇಲೆ ಚಕ್ಕೆಯಂತೆ ಎದ್ದುಬರುತ್ತದೆ, ತೆಳು ಪಾಲಿಯೆಸ್ಟರನ್ನಂತೂ ಸುಟ್ಟೇಬಿಡುತ್ತದೆ. ಒಳಗೆ ಎಲ್‌ಇಡಿ ಸರ ಮಾತ್ರ. ಎಣ್ಣೆದೀಪ, ಮೇಣದ ಬತ್ತಿ ಬಟ್ಟೆ ಸುತ್ತಿದ ಬಾಟಲಿಯೊಳಗೆ ಯಾವತ್ತೂ ಇಡಬಾರದು.

ಗೋಡೆಗೆ ಕೌದಿ

ತುಂಡುಬಟ್ಟೆಯ ಕೆಲಸದಲ್ಲಿ ಕೌದಿಗೆ ಮಿಗಿಲಾದದ್ದಿಲ್ಲ ಎನ್ನುವುದು ನನ್ನ ಪಕ್ಷಪಾತ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಮೂಲೆಯಿಂದ ಆರಂಭಿಸಿ, ಅಂಚುಗುಂಟ ಸುತ್ತುತ್ತ, ತುಂಡು ಸೇರಿಸುತ್ತ ನಡುವಿಗೆ ಸಾಗುತ್ತಾರೆ. ಆ ಕ್ರಮದಲ್ಲಿ ಪಟ್ಟಿಗಳು ಅಡ್ಡಡ್ಡ ಬೀಳುವುದೇ ಇಲ್ಲ, ಬಣ್ಣಗಳು ತಾವಾಗಿ ಚದುರುತ್ತವೆ. ನಮ್ಮ ಕೆಲಸಕ್ಕೆ ಅದೇ ಬೇಕಾದದ್ದು.

45×60 ಸೆಂ.ಮೀ. ಗೋಡೆಯ ತುಂಡಿಗೆ ತಳಬಟ್ಟೆ 50×66 ಕತ್ತರಿಸಿ. ಅಂಚು ಮಡಚಲು ಸ್ವಲ್ಪ ಹೋಗುತ್ತದೆ, ದಟ್ಟ ಹೊಲಿಗೆಗೆ ಬಟ್ಟೆ ಇನ್ನಷ್ಟು ಕುಗ್ಗುತ್ತದೆ. ತಳಕ್ಕೆ ಹಳೆ ಬೆಡ್‌ಶೀಟ್, ಮೇಲೊಂದು ಪದರ ಹತ್ತಿ ಸೀರೆ. ಎರಡನ್ನೂ ಸೇರಿಸಿ ನಡುವಿನಿಂದ ಹೊರಕ್ಕೆ 10 ಸೆಂ.ಮೀ. ಅಂತರದಲ್ಲಿ, ಪದರ ಸರಿಯದಂತೆ ಸದ್ಯಕ್ಕೆ ಹಿಡಿದಿಡುವ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಸುತ್ತುತ್ತ ಒಳಗೆ ಬಂದ ಹೊಲಿಗೆ ಸಡಿಲ ಬಟ್ಟೆಯನ್ನೆಲ್ಲ ನಡುವಿಗೆ ತಳ್ಳಿ, ಕೊನೆಗೆ ಉಬ್ಬು ಎದ್ದುನಿಲ್ಲುತ್ತದೆ. ಅದನ್ನು ಇಸ್ತ್ರಿಯಿಂದ ಕೂರಿಸಲಾಗದು.

ಮೇಲಿನ ತುಂಡುಗಳು ಸುಮಾರು 75: ಕೇಸರಿ ಛಾಯೆಯವು 20, ಹಸಿರು 20, ಬಿಳಿ 15, ಕಾವಿ-ಕೆಂಪು-ನೀಲಿ 20. ಗಾತ್ರ 7ರಿಂದ 12 ಸೆಂ.ಮೀ., ಚೌಕವೇ ಆಗಬೇಕಿಲ್ಲ. ಅಂಚನ್ನು ಮುಕ್ಕಾಲು ಸೆಂ.ಮೀ. ಉಗುರಿನಲ್ಲಿ ಒತ್ತಿ ಒಳಗೆ ಮಡಚಿ, ಮುಂದಿನ ತುಂಡು ಹಿಂದಿನದರ ಮೇಲೆ ಒಂದೂವರೆ ಸೆಂ.ಮೀ. ಬರಲಿ. ಇದಕ್ಕಿಂತ ಕಡಿಮೆಯಾದರೆ ಮೊದಲ ಒಗೆತಕ್ಕೇ ಅಂಚು ಹೊರಗೆ ಇಣುಕುತ್ತದೆ. ಹೊಲಿಗೆಯ ಉದ್ದ 4-5 ಮಿ.ಮೀ., ಸಾಲಿನಿಂದ ಸಾಲಿಗೆ ಒಂದು ಸೆಂ.ಮೀ. ಒಟ್ಟು ಹೊಲಿಗೆಯ ದಾರಿ 27 ಮೀಟರ್. ಒಳಹೊಕ್ಕು ಹೊರಬರುವ ದಾರ ಸೇರಿ 35 ಮೀಟರ್ ಹಿಡಿಯಿರಿ. 8 ಮೀಟರಿನ ಆರೆಳೆಯ ಕಸೂತಿ ದಾರವನ್ನು ಮೂರು ಮೂರು ಎಳೆಯಾಗಿ ಬಿಡಿಸಿದರೆ ಮೂರು ಲಡಿ ಸಾಕು. ಒಂದು ಸಲಕ್ಕೆ ಮೊಣಕೈ ಉದ್ದಕ್ಕಿಂತ ತುಸು ಹೆಚ್ಚು ದಾರ, ಅಷ್ಟೇ. ಹೆಚ್ಚು ತೆಗೆದುಕೊಂಡರೆ ಗಂಟು ಬೀಳುತ್ತದೆ, ಬಟ್ಟೆಗೆ ಉಜ್ಜಿ ಎಳೆ ತೆಳುವಾಗುತ್ತದೆ. ಕಡುನೀಲಿ ದಾರ ಹಾಕಿದರೆ ಎಲ್ಲ ಬಣ್ಣದ ಮೇಲೂ ಹೊಲಿಗೆ ಎದ್ದುಕಾಣುತ್ತದೆ, ಚಕ್ರವಿಲ್ಲದೆಯೂ ನೀಲಿ ಬಂದಂತಾಗುತ್ತದೆ. ನಾಲ್ಕು ಮೂಲೆಗೆ ಸಿದ್ದಿ ಕೌದಿಯಲ್ಲಿರುವಂತೆ ಮಡಚಿದ ತ್ರಿಕೋನ ತುಂಡು ಹೊಲಿದರೆ ಅಂಚು ಗಟ್ಟಿ. ತೂಗಲು ಹಿಂಬದಿಯ ಮೇಲಂಚಿಗೆ 8 ಸೆಂ.ಮೀ. ಪಟ್ಟಿಯನ್ನು ಕೊಳವೆಯಾಗಿ ಹೊಲಿದು ಹಳೆ ಪರದೆಯ ಸರಳು ತೂರಿಸಿ. ಬರಿಯ ಎರಡು ಮೂಲೆಗೆ ಮೊಳೆ ಹೊಡೆದರೆ ನಡುವೆ ಇಳಿಬೀಳುತ್ತದೆ.

ತೆಗೆದಿಡುವಾಗ ತೋರಣ, ಕೌದಿ ಎರಡನ್ನೂ ಬಿಸಿಲು ಬಂದ ದಿನ ನೋಡಿ ನೆರಳಿನಲ್ಲಿ ಗಾಳಿಗೆ ಹರವಿ ಪೂರ್ತಿ ಒಣಗಿಸಿ. ನೇರ ಬಿಸಿಲಿಗೆ ಕೇಸರಿ ಬೇಗ ಸೋಲುತ್ತದೆ. ಗಟ್ಟಿಯಾಗಲೆಂದು ಅನ್ನದ ಗಂಜಿ ಹಾಕಿದ್ದರೆ ಒಗೆದು ಗಂಜಿ ತೆಗೆದೇ ಇಡಿ. ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತದೆ, ಜಿರಲೆಯೂ ಬರುತ್ತದೆ. ಹೂವಿನ ತೋರಣವನ್ನು ಮಡಚಬೇಡಿ, ಹೂವು ಚಪ್ಪಟೆಯಾಗುತ್ತದೆ. ಕಾಗದದ ಕೊಳವೆಗೆ ಸಡಿಲವಾಗಿ ಸುತ್ತಿ, ಹಳೆ ದಿಂಬಿನ ಕವರಿನೊಳಗೆ ಇಳಿಸಿ ಬೀರುವಿನ ಮೇಲಿನ ಅರೆಯಲ್ಲಿಡಿ. ಕೊಳವೆಗೆ ನ್ಯೂಸ್‌ಪೇಪರ್ ಬಳಸುವುದಾದರೆ ಮೇಲೊಂದು ಸುತ್ತು ಬಟ್ಟೆ ಹಾಕಿ, ಇಲ್ಲದಿದ್ದರೆ ಅಚ್ಚಿನ ಮಸಿ ಬಿಳಿ ಹೂವಿಗೆ ಹತ್ತುತ್ತದೆ.